ಟರ್ಬೊ ಸುಪ್ರಾ: ಕೊಳ್ಳುವುದೋ, ಕಟ್ಟಿಸುವುದೋ?

ಟೊಯೊಟಾದ ಸ್ಪೋರ್ಟ್ಸ್ ಕಾರು ಸುಪ್ರಾದ ನಾಲ್ಕನೆಯ ತಲೆಮಾರು ಜಪಾನಿನಲ್ಲಿ 1993ರಿಂದ 2002ರವರೆಗೆ ತಯಾರಾಯಿತು. ಅಲ್ಲಿ ಮಾರಿದ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಆರ್‌ಝಡ್‌ಗೆ ಎರಡು ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ), 280 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಶಕ್ತಿ. ಎಸ್‌ಝಡ್‌ಗೆ ಟರ್ಬೊ ಇಲ್ಲ, 225 ಪಿಎಸ್. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಇರುತ್ತವೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹಾಗಾಗಿ ಅಗ್ಗದ ಎಸ್‌ಝಡ್ ಕೊಂಡು ಟರ್ಬೊ ಹಾಕಿಸಿಕೊಂಡರೆ ಆಗದೇ ಎಂಬ ಪ್ರಶ್ನೆ ನನ್ನನ್ನು ಎಷ್ಟೋ ಗೆಳೆಯರು ಕೇಳಿದ್ದಾರೆ.

ಭಾರತದ ನಿಯಮ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯ ಕಾರಿನ ಆಮದಿಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವುದು ನನ್ನಂತೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ.

ಜಪಾನಿನಿಂದ ಕಾರು ತರಿಸುವುದಾದರೆ ಮೊದಲು ಕಾನೂನು ನೋಡಿಕೊಳ್ಳಿ. ತಯಾರಾಗಿ 25 ವರ್ಷ ತುಂಬಿದ ಕಾರಿಗೆ ಅಮೆರಿಕದ ಒಕ್ಕೂಟ ಸರ್ಕಾರದ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. ವಯಸ್ಸನ್ನು ಲೆಕ್ಕ ಹಾಕುವುದು ತಯಾರಾದ ತಿಂಗಳಿನಿಂದ, ಮಾದರಿ ವರ್ಷದಿಂದಲ್ಲ. ಕ್ಯಾಲಿಫೋರ್ನಿಯಾದವರು ಮಾತ್ರ ಇಷ್ಟಕ್ಕೇ ನೆಮ್ಮದಿಯಾಗಿರಬಾರದು. ಆ ರಾಜ್ಯದ ಹೊಗೆ ನಿಯಮ ಪ್ರತ್ಯೇಕ; ಆಮದಾದ ಕಾರಿಗೂ, ಟರ್ಬೊ ಹಾಕಿಸಿದ ಕಾರಿಗೂ ಅದು ಬಿಗಿಯಾಗಿಯೇ ಅನ್ವಯಿಸುತ್ತದೆ.

ಎರಡನೆಯದು, ಹರಾಜಿನ ಹಾಳೆ. ಜಪಾನಿನಿಂದ ಬರುವ ಹಳೆಯ ಕಾರುಗಳಲ್ಲಿ ಹೆಚ್ಚಿನವು ಹರಾಜಿನಲ್ಲಿ ಮಾರಾಟವಾದವು. ಹರಾಜಿನ ಪರೀಕ್ಷಕರು ಆ ಹಾಳೆಯಲ್ಲಿರುವ ಕಾರಿನ ಚಿತ್ರದ ಮೇಲೆ ಅಕ್ಷರಗಳನ್ನು ಗುರುತು ಹಾಕಿರುತ್ತಾರೆ: ಎ ಎಂದರೆ ಗೀರು, ಯು ಎಂದರೆ ತಗ್ಗು, ಎಸ್ ಎಂದರೆ ತುಕ್ಕು, ಡಬ್ಲ್ಯೂ ಎಂದರೆ ತಟ್ಟಿ ಸರಿಪಡಿಸಿದ ಅಲೆಅಲೆಯಾದ ಜಾಗ, ಎಕ್ಸ್‌ಎಕ್ಸ್ ಎಂದರೆ ಬದಲಾಯಿಸಿದ ಭಾಗ. ದರ್ಜೆಯ ಜಾಗದಲ್ಲಿ ಆರ್ ಎಂದಿದ್ದರೆ ಅಪಘಾತವಾಗಿ ರಿಪೇರಿಯಾದ ಕಾರು ಎಂದು ತಿಳಿಯಿರಿ. ಮೂಲ ಹಾಳೆಯ ಪ್ರತಿ ಕೊಡಲು ಮಾರುವವರು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಇಲ್ಲೇ ಇನ್ನೊಂದು ಎಚ್ಚರ. ಟರ್ಬೊ ಇರಲಿ, ಇಲ್ಲದಿರಲಿ, ಎರಡರ ಚಾಸಿ ಸಂಖ್ಯೆಯೂ ಜೆಝಡ್‌ಎ80 ಎಂದೇ ಶುರುವಾಗುತ್ತದೆ. ಎಸ್‌ಝಡ್ ಆಗಿ ಹುಟ್ಟಿದ ಕಾರನ್ನು ಆರ್‌ಝಡ್ ಎಂದು ಮಾರಲು ಇಷ್ಟೇ ಸಾಕು. ತಯಾರಕರು ಕಾರಿಗೆ ಹೊಡೆದ ಫಲಕದ ಮೇಲಿರುವ ಪೂರ್ತಿ ಮಾದರಿ ಸಂಕೇತವನ್ನು ಬಿಡಿಸಿ ಓದಿಸಿ.

ಮೂರನೆಯದು, ಕಾರಿನ ಮುಂದೆ ನಿಲ್ಲುವ ಹೊತ್ತು. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಹೇಳಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಚಾಲೂ ಮಾಡಿ ಕೆಲವು ನಿಮಿಷ ಹಾಗೇ ಬಿಟ್ಟು, ಆಮೇಲೆ ಆಕ್ಸಿಲರೇಟರ್ ಒತ್ತಿಸಿ. ನೀಲಿ ಹೊಗೆ ಬಂದರೆ ಕವಾಟದ ಸೀಲೋ ಟರ್ಬೊ ಸೀಲೋ ಹೋಗಿರುತ್ತದೆ. ಓಡಿಸುವಾಗ ಬೆನ್ನಿಗೆ ಎರಡು ಸಲ ನೂಕು ಸಿಗಬೇಕು. ಮೊದಲ ಟರ್ಬೊ ಬೇಗ ಎದ್ದು ಬರುತ್ತದೆ, ಎರಡನೆಯದು ಸುಮಾರು 4,000 ಆರ್‌ಪಿಎಂ ಹತ್ತಿರ ಜೊತೆಗೂಡುತ್ತದೆ. ಆ ಎರಡನೆಯ ನೂಕು ಬಾರದಿದ್ದರೆ ದೋಷ ಒಂದು ಸೀಳಿದ ರಬ್ಬರ್ ಕೊಳವೆಯದೂ ಇರಬಹುದು, ಟರ್ಬೊದ್ದೂ ಇರಬಹುದು. ಆರೂ ಸಿಲಿಂಡರುಗಳ ಕಂಪ್ರೆಷನ್ (ಒಳಗೆ ಗಾಳಿಯನ್ನು ಅದುಮುವ ಒತ್ತಡ) ಅಳೆಸದೆ ಮುಂಗಡ ಕೊಡಬೇಡಿ. ಟೈಮಿಂಗ್ ಬೆಲ್ಟನ್ನು 1,00,000 ಕಿಲೋಮೀಟರಿಗೆ ಬದಲಾಯಿಸಿದ ದಾಖಲೆ ಕೇಳಿ. ಜಪಾನಿನಲ್ಲಿ ಮಾರಿದ ಕಾರಿನ ಟರ್ಬೊ ಚಕ್ರ ಸೆರಾಮಿಕ್‌ನದು. ಹಿಂದಿನ ಮಾಲೀಕರು ಟರ್ಬೊ ತುಂಬುವ ಗಾಳಿಯ ಒತ್ತಡ ಏರಿಸಿ ಓಡಿಸಿದ್ದರೆ ಅದು ಚೂರಾಗುವ ಅಪಾಯವಿದೆ.

ಈಗ ಪರಿವರ್ತನೆಯ ಮಾತು. ಎರಡೂ ಎಂಜಿನ್ 2ಜೆಝಡ್ ಕುಟುಂಬದವೇ, ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್. ಆದರೂ ಟರ್ಬೊ ಎಂಬುದು ಮೇಲಿಂದ ತೊಡಿಸುವ ಒಡವೆಯಲ್ಲ. ಟರ್ಬೊ ಎಂಜಿನ್‌ನ ಕಂಪ್ರೆಷನ್ ಅನುಪಾತ 8.5:1, ಇನ್ನೊಂದರದು 10:1. ಮೊದಲೇ ಇಷ್ಟು ಅದುಮುವ ಎಂಜಿನ್ನಿಗೆ ಟರ್ಬೊ ಇನ್ನಷ್ಟು ಗಾಳಿ ತುಂಬಿದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯಬಹುದು. ಟರ್ಬೊ ಎಂಜಿನ್‌ನಲ್ಲಿ ಪಿಸ್ಟನ್ನಿನ ತಳಕ್ಕೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ನಳಿಕೆಗಳಿವೆ, ಇನ್ನೊಂದರಲ್ಲಿ ಇಲ್ಲ. ಟರ್ಬೊದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಬರುವ ಕೊಳವೆಗಳ ಗುಚ್ಛ) ಟರ್ಬೊ ಇಲ್ಲದ ಎಂಜಿನ್ನಿನ ಸಿಲಿಂಡರ್ ಹೆಡ್‌ಗೆ ನೇರವಾಗಿ ಕೂರುವುದೂ ಇಲ್ಲ. ಹೀಗಾಗಿ ಬೇರೆ ಮ್ಯಾನಿಫೋಲ್ಡ್, ಗಾಳಿ ತಣಿಸುವ ಇಂಟರ್‌ಕೂಲರ್, ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಇಂಧನ ಪಂಪ್, ಹೊಸ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಕ್ಲಚ್ ಎಲ್ಲವೂ ಬೇಕಾಗುತ್ತವೆ. ಸಾಮಾನ್ಯ ಎಸ್‌ಝಡ್‌ನ ಐದು ಗೇರಿನ ಡಬ್ಲ್ಯೂ58 ಪೆಟ್ಟಿಗೆ ಹೆಚ್ಚಿನ ಶಕ್ತಿಯನ್ನು ಬಹಳ ದಿನ ತಾಳುವುದಿಲ್ಲ. ಆಮೇಲೆ ಬ್ರೇಕ್, ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರು) ಬದಲಾಯಿಸುವ ಖರ್ಚು. ಕೊನೆಗೆ ಮೂಗಿಗಿಂತ ಮೂಗುತಿ ಭಾರ.

ನನ್ನ ಗೆಳೆಯರೊಬ್ಬರು ಈ ದಾರಿಯಲ್ಲಿ ಹೊರಟವರು. ಬಿಡಿಭಾಗಗಳಿಗೆ ಹಣ ಸುರಿದು, ಟ್ಯೂನಿಂಗ್ (ಇಂಧನ, ಕಿಡಿಗಳ ಹೊಂದಾಣಿಕೆ) ಒಂದರಲ್ಲಿ ಉಳಿತಾಯ ಮಾಡಿದರು. ಒಂದು ಭಾನುವಾರ ಅವರ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಮೂರನೆಯ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ರಾಗಿ ಕಾಳಿಗಿಂತಲೂ ಸಣ್ಣ ಹೊಳೆಯುವ ಚುಕ್ಕೆಗಳು. ಅದು ಪಿಸ್ಟನ್ನಿನಿಂದ ಕರಗಿ ಸಿಡಿದ ಅಲ್ಯೂಮಿನಿಯಂ. ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತಿತ್ತು, ಓಡಿಸುತ್ತಿದ್ದವರ ಕಿವಿಗೆ ಅದು ಬಿದ್ದೇ ಇರಲಿಲ್ಲ. ಆ ಎಂಜಿನ್ ಉಳಿಯಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಕೈಯಲ್ಲಿ ಕಾರೇ ಇಲ್ಲದವರು ಟರ್ಬೊ ಹಾಕಿಸಲೆಂದು ಎಸ್‌ಝಡ್ ಕೊಳ್ಳಬೇಡಿ; ಇನ್ನೊಂದು ವರ್ಷ ಹಣ ಕೂಡಿಸಿ ಆರ್‌ಝಡ್ ಕೊಳ್ಳಿ. ಮಾರುವ ದಿನ ಬಂದಾಗ ಮೂಲ ಟರ್ಬೊ ಕಾರಿಗೆ ಸಿಗುವ ಬೆಲೆ ಪರಿವರ್ತಿತ ಕಾರಿಗೆ ಸಿಗುವುದಿಲ್ಲ. ತುಕ್ಕಿಲ್ಲದ, ನೀವೇ ವರ್ಷಗಟ್ಟಲೆ ಜೋಪಾನ ಮಾಡಿದ ಎಸ್‌ಝಡ್ ಮನೆಯಲ್ಲಿದ್ದರೆ ಮಾತು ಬೇರೆ. ಅದಕ್ಕೆ ಟರ್ಬೊ ಹಾಕಿಸಿ, ಆದರೆ ಟರ್ಬೊ ತುಂಬುವ ಗಾಳಿಯ ಒತ್ತಡವನ್ನು ಅರ್ಧ ಬಾರ್‌ಗಿಂತ ಕೆಳಗೇ ಇಡಿ. ಹೊಳೆಯುವ ಚಕ್ರಗಳಿಗಿಂತ ಮೊದಲು ಗಾಳಿ-ಇಂಧನದ ಅನುಪಾತ ತೋರಿಸುವ ಮಾಪಕ ಕೊಳ್ಳಿ. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಕಾರನ್ನು ನಿಲ್ಲಿಸಿ ಟ್ಯೂನ್ ಮಾಡುವ ಅನುಭವಿಗೆ ಕೇಳಿದಷ್ಟು ಕೊಡಿ. ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಮೊದಲ 500 ಕಿಲೋಮೀಟರ್ ಆದ ಮೇಲೆ ಆರೂ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಹೊಳೆಯುವ ಚುಕ್ಕೆ ಕಂಡರೂ ಕಾರನ್ನು ಮತ್ತೆ ಚಾಲೂ ಮಾಡದೆ ಟ್ಯೂನರ್ ಬಳಿಗೆ ಲಾರಿಯಲ್ಲಿ ಹಾಕಿಸಿ ಕಳುಹಿಸಿ.