ದಾವಣಗೆರೆಯಲ್ಲೇ ಅಲೈನರ್: ಮೊದಲ ಪೇಶೆಂಟ್ ನಾನೇ

ಕೆಳಗಿನ ಮುಂದಿನ ಹಲ್ಲು ಸೊಟ್ಟಗಿಟ್ಟುಕೊಂಡು ಊರವರಿಗೆಲ್ಲ ಕ್ಲಿಪ್ ಹಾಕುವುದೆಂದರೆ ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗೆ. ಕಾಲೇಜಿನಲ್ಲಿದ್ದಾಗ ತಂತಿ ಹಾಕಿಸಿಕೊಂಡು ನೆಟ್ಟಗಾಗಿದ್ದ ನನ್ನ ಹಲ್ಲು ನಲವತ್ತರ ಹೊತ್ತಿಗೆ ಹಳೇ ಚಾಳಿಗೆ ಬಂದಿತ್ತು. ಎಡಗಡೆ ಲ್ಯಾಟರಲ್ (ನಟ್ಟನಡುವಿನ ಹಲ್ಲಿನ ಪಕ್ಕದ್ದು) ಒಳಕ್ಕೆ ಸರಿದಿತ್ತು, ಬಲಗಡೆ ಕೋರೆಹಲ್ಲು ಇಪ್ಪತ್ತು ಡಿಗ್ರಿಯಷ್ಟು ತಿರುಗಿತ್ತು. ಕ್ರೌಡಿಂಗ್, ಅಂದರೆ ಹಲ್ಲಿಗೆ ಜಾಗದ ಕೊರತೆ, ನಾಲ್ಕು ಮಿಲಿಮೀಟರ್ ಆಸುಪಾಸು. ಈ ವಯಸ್ಸಿನಲ್ಲಿ ಬ್ರಾಕೆಟ್ ಅಂಟಿಸಿಕೊಂಡು ಓಪಿಡಿಯಲ್ಲಿ ಕೂರಲು ಮನಸ್ಸು ಬರಲಿಲ್ಲ. ಅಲೈನರ್, ಅಂದರೆ ಹಲ್ಲಿನ ಮೇಲೆ ಕೂತು ಹಂತಹಂತವಾಗಿ ಅದನ್ನು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ, ಮಾಡಿಸೋಣವೆಂದರೆ ದುಡ್ಡು.

ಆಗ ನಾನು ವಿಚಾರಿಸಿದ ಪ್ರಕಾರ ದೊಡ್ಡ ಕಂಪನಿಯ ಪೂರ್ತಿ ಕೇಸ್ ಪೇಶೆಂಟ್ ಕೈಗೆ ಹೋಗುವಷ್ಟರಲ್ಲಿ ಎರಡು ಲಕ್ಷ ದಾಟುತ್ತಿತ್ತು. ನಮ್ಮ ದೇಶದ ಕಂಪನಿಗಳದ್ದು ಎಪ್ಪತ್ತು ಎಂಬತ್ತು ಸಾವಿರದಿಂದ ಶುರು. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜಿವೆ, ಬೀದಿಗೊಂದು ಕ್ಲಿನಿಕ್ ಇದೆ. ಮೂವತ್ತು ಸಾವಿರಕ್ಕೆ ತಂತಿ ಹಾಕುವ ಊರಿನಲ್ಲಿ ಲಕ್ಷದ ಮಾತೆತ್ತಿದರೆ ಪೇಶೆಂಟ್ “ಮನೇಲಿ ಕೇಳಿ ಹೇಳ್ತೀನಿ ಸಾರ್” ಅಂತ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಪ್ರತಿ ಹಂತದ ಹಲ್ಲಿನ ಮಾಡೆಲ್ ನಾವೇ 3ಡಿ ಪ್ರಿಂಟ್ ಮಾಡಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಶೀಟ್ ನಾವೇ ಎಳೆದರೆ ಹೇಗೆ ಅಂತ ಅನ್ನಿಸಿದ್ದು ಆಗ. ನನ್ನ ಸೀನಿಯರ್ ಒಬ್ಬರಿಗೆ ಹೇಳಿದೆ. “ಕಂಪನಿಯೋರು ಕೋಟಿಗಟ್ಟಲೆ ಸುರಿದು ಮಾಡೋದನ್ನ ನೀನು ಪಿ.ಜೆ. ಬಡಾವಣೆ ಮಹಡಿ ಮೇಲೆ ಮಾಡ್ತೀಯೇನಪ್ಪಾ?” ಅಂದರು. ಮಾಡಿದೆ. ನನ್ನ ಹಲ್ಲು ನೆಟ್ಟಗಾಗಿ ಎರಡು ವರ್ಷದ ಮೇಲಾಯಿತು. ಅಷ್ಟರಲ್ಲಿ ಮೂವತ್ತೈದು ನಲವತ್ತು ಕೇಸ್ ಮುಗಿದಿವೆ.

ಖರ್ಚಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪ್ರಿಂಟರ್ ಮೂವತ್ತು ಸಾವಿರದ ಚಿಲ್ಲರೆ, ಪ್ರಿಂಟನ್ನು ತೊಳೆದು ಬೆಳಕಿನಲ್ಲಿ ಗಟ್ಟಿ ಮಾಡುವ ವಾಶ್–ಕ್ಯೂರ್ ಹದಿನೈದು. ಬಾಯೊಳಗೇ ಅಳತೆ ಹಿಡಿಯುವ ಇಂಟ್ರಾಓರಲ್ ಸ್ಕ್ಯಾನರಿಗೆ ಆಗ ಕೈ ಹಾಕಲಿಲ್ಲ. ಪಿವಿಎಸ್ ಅನ್ನುವ ರಬ್ಬರಿನಂಥ ವಸ್ತುವಿನಲ್ಲಿ ಅಳತೆ ತೆಗೆದು, ಅದಕ್ಕೆ ಡೈ ಸ್ಟೋನ್ (ಗಟ್ಟಿ ಜಿಪ್ಸಮ್) ಸುರಿದು, ಲ್ಯಾಬಿನವರ ಹತ್ತಿರ ಮಾಡೆಲ್ ಸ್ಕ್ಯಾನ್ ಮಾಡಿಸುತ್ತಿದ್ದೆ, ಆರ್ಚಿಗೆ (ಒಂದು ದವಡೆಯ ಹಲ್ಲುಸಾಲಿಗೆ) ನಾನೂರೋ ಐನೂರೋ. ಸಾಫ್ಟ್‌ವೇರ್ ಬ್ಲೂ ಸ್ಕೈ ಪ್ಲಾನ್. ಕಲಿಯಲು ಪುಕ್ಕಟೆ, ಮಾಡೆಲ್ ಹೊರತೆಗೆಯುವಾಗ ದುಡ್ಡು. ಹೆಚ್ಚು ಹಣ ನುಂಗಿದ್ದು ಶೀಟನ್ನು ಮಾಡೆಲ್ ಮೇಲೆ ಎಳೆಯುವ ಫಾರ್ಮಿಂಗ್ ಮಷೀನು.

ಮೊದಲು ಬ್ಲೀಚಿಂಗ್ ಟ್ರೇ ಮಾಡುವ ಹಳೇ ವ್ಯಾಕ್ಯೂಮ್ ಮಷೀನಿನಲ್ಲೇ ಎಳೆದೆ. ಟ್ರೇ ಬಂತು, ನೋಡಲು ಚೆನ್ನಾಗಿತ್ತು, ಹಲ್ಲಿಗೂ ಕೂತಿತು. ಆದರೆ ಅಟ್ಯಾಚ್‌ಮೆಂಟ್ (ಟ್ರೇಗೆ ಹಿಡಿತ ಸಿಗಲೆಂದು ಹಲ್ಲಿಗೆ ಅಂಟಿಸುವ ಸಣ್ಣ ಕಾಂಪೋಸಿಟ್ ಉಬ್ಬು) ಮೇಲೆ ಗೂಡಿನ ಅಂಚು ದುಂಡಗೆ, ಎರಡು ಹಲ್ಲಿನ ಸಂದಿಯಲ್ಲಿ ಶೀಟ್ ಇಳಿದೇ ಇಲ್ಲ. ವ್ಯಾಕ್ಯೂಮ್ ಎಷ್ಟೇ ಎಳೆದರೂ ಒಂದು ಬಾರ್ ಒತ್ತಡದ ಮೇಲೆ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನ ಒಂದು ಲ್ಯಾಬ್ ಮಾರುತ್ತಿದ್ದ ಸೆಕೆಂಡ್ ಹ್ಯಾಂಡ್ ಪ್ರೆಶರ್ ಮಷೀನು ತಂದೆ. ಒಂದೂಕಾಲು ಲಕ್ಷಕ್ಕೆ ಸ್ವಲ್ಪ ಕಮ್ಮಿ. ನಾಲ್ಕು ಬಾರ್ ಒತ್ತಡದಲ್ಲಿ ಅದೇ ಮಾಡೆಲ್ ಮೇಲೆ ಎಳೆದ ಟ್ರೇ ಕೈಗೆತ್ತಿಕೊಂಡಾಗಲೇ ವ್ಯತ್ಯಾಸ ಗೊತ್ತಾಯಿತು. ಹಲ್ಲಿಗೆ ಹಾಕಿದರೆ ಟಕ್ ಅಂತ ಶಬ್ದ ಬರಬೇಕು. ಬರದಿದ್ದರೆ ಅದು ರಿಟೇನರ್ (ಹಲ್ಲನ್ನು ಇದ್ದಲ್ಲೇ ಹಿಡಿದಿಡುವ ಟ್ರೇ) ಅನ್ನಿ, ಅಲೈನರ್ ಅನ್ನಬೇಡಿ.

ಪ್ರೆಶರ್ ಬಂದ ಮೇಲೆ ಹೊಸ ತಲೆನೋವು. ರೆಸಿನ್ (ಬೆಳಕಿಗೆ ಗಟ್ಟಿಯಾಗುವ ಪ್ರಿಂಟರಿನ ದ್ರವ) ಉಳಿಸಲು ಮಾಡೆಲ್ಲನ್ನು ಟೊಳ್ಳಾಗಿ ಪ್ರಿಂಟ್ ಮಾಡುತ್ತಿದ್ದೆ, ಗೋಡೆ ಒಂದೂವರೆ ಮಿಲಿಮೀಟರ್. ಬಿಸಿ ಶೀಟು, ಮೇಲಿಂದ ಗಾಳಿಯ ಒತ್ತಡ. ಮಾಡೆಲ್ ಒಳಕ್ಕೆ ಬಾಗಿತು. ಕಣ್ಣಿಗೆ ಕಾಣುವುದಿಲ್ಲ. ವರ್ನಿಯರ್ ಹಿಡಿದು ದವಡೆ ಹಲ್ಲಿನ ನಡುವೆ ಅಳೆದಾಗ ಅರ್ಧ ಮಿಲಿಮೀಟರ್ ಹತ್ತಿರ ಕಮ್ಮಿ. ಈಗ ಗೋಡೆ ಮೂರು ಮಿಲಿಮೀಟರ್. ಒಂದು ಮಾಡೆಲ್ಲಿಗೆ ಹದಿನೆಂಟು ಇಪ್ಪತ್ತು ಎಂಎಲ್ ಹೋಗುತ್ತೆ, ಅರವತ್ತು ಎಪ್ಪತ್ತು ರೂಪಾಯಿ. ಅಲ್ಲಿ ಜಿಪುಣತನ ಬೇಡ.

ಎಕ್ಸ್‌ಪೋಶರ್, ಅಂದರೆ ಪ್ರತಿ ಪದರಕ್ಕೆ ಬೆಳಕು ಬೀಳುವ ಸಮಯ, ಕೂಡ ಹಾಗೇ. ಪ್ರಿಂಟ್ ಗಟ್ಟಿ ಬರಲಿ ಅಂತ ಸೆಕೆಂಡ್ ಏರಿಸಿದರೆ ಹಲ್ಲು ಸುತ್ತ ಒಂಚೂರು ಊದಿಕೊಳ್ಳುತ್ತೆ, ಟ್ರೇ ಸಡಿಲ. ಒಂದು ಸ್ಟೇಜಿಗೆ, ಅಂದರೆ ಒಂದು ಟ್ರೇಗೆ, ನಾವು ಸರಿಸುವುದೇ 0.2 ಅಥವಾ 0.25 ಮಿಲಿಮೀಟರ್, ಅದರಲ್ಲಿ 0.1 ಪ್ರಿಂಟರೇ ತಿಂದರೆ ಉಳಿಯುವುದೇನು? ಲೇಯರ್ ದಪ್ಪ 50 ಮೈಕ್ರಾನ್ ಇರಲೇಬೇಕು ಅಂತ ಹಟ ಹಿಡಿಯುವವರಿಗೆ ಹೇಳುವುದಿಷ್ಟೆ: 100ರಲ್ಲಿ ಮಾಡಿ, ಅರ್ಧ ಸಮಯ ಉಳಿಸಿ, ಆ ಸಮಯದಲ್ಲಿ ಎಕ್ಸ್‌ಪೋಶರ್ ಸರಿ ಮಾಡಿಕೊಳ್ಳಿ. ತೊಳೆದದ್ದು ಪೂರ್ತಿ ಒಣಗದೆ ಕ್ಯೂರಿಗೆ ಇಡಬೇಡಿ. ಮಾಡೆಲ್ ರೆಸಿನ್ ಬಾಯಿಗೆ ಹೋಗುವಂಥದ್ದಲ್ಲ, ಅರೆಬರೆ ಕ್ಯೂರ್ ಆಗಿದ್ದರೆ ಅದರ ಜಿಗಿ ಶೀಟಿನ ಒಳಮೈಗೆ ಹತ್ತುತ್ತೆ.

ಎಲ್ಲರೂ ಇಲ್ಲಿನ ಬಿಸಿಲಿಗೆ ಹೆದರಿಸಿದ್ದರು. ಏಪ್ರಿಲ್‌ನಲ್ಲಿ ಏನೂ ಆಗಲಿಲ್ಲ, ಪ್ರಿಂಟ್ ತೊಳೆಯುವ ಐಪಿಎ (ಸ್ಪಿರಿಟ್) ಬೇಗ ಆರಿತು ಅಷ್ಟೆ. ನನ್ನ ಪ್ರಿಂಟ್ ಕೆಟ್ಟಿದ್ದೆಲ್ಲ ಡಿಸೆಂಬರ್, ಜನವರಿಯ ಬೆಳಗಿನ ಜಾವ. ರೆಸಿನ್ ತಣ್ಣಗಾಗಿ ಮಂದವಾಗಿ, ಮಾಡೆಲ್ ಪ್ಲೇಟ್ ಬಿಟ್ಟು ತಳದ ಫಿಲ್ಮಿಗೆ ಅಂಟಿಕೊಳ್ಳುತ್ತಿತ್ತು. ಹಳೇ ಮರದ ಬೀರುವಿನೊಳಗೆ ಪ್ರಿಂಟರ್ ಇಟ್ಟು ಅರವತ್ತು ವ್ಯಾಟಿನ ಬಲ್ಬ್ ಉರಿಸಿದೆ, ಸರಿಹೋಯಿತು. ಕರೆಂಟಿನದು ಬೇರೆ ಕತೆ. ಇನ್ವರ್ಟರ್ ಇದ್ದರೂ ಅದು ಬದಲಾಗುವ ಒಂದು ಕ್ಷಣದಲ್ಲಿ ಪ್ರಿಂಟರ್ ಆಫ್ ಆಗಿ ಆನ್ ಆಗುತ್ತೆ. ಮೂರು ಗಂಟೆಯ ಪ್ರಿಂಟ್ ಎರಡೂವರೆಗೆ ನಿಂತರೆ ಎಲ್ಲ ಕಸ. ಪ್ರಿಂಟರಿಗೆಂದೇ ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದಾಗ ಒಂದು ಕ್ಷಣವೂ ತಡೆಯಾಗದ್ದು) ಹಾಕಿಸಿ. ಮೊದಲೇ ಹಾಕಿಸಿ.

ಇನ್ನು ನನ್ನ ಬಾಯಿ. ಪ್ಲಾನ್ ನಾನೇ ಮಾಡಿದೆ, ಅಟ್ಯಾಚ್‌ಮೆಂಟ್ ಕೂರಿಸಿದ್ದು, ಐಪಿಆರ್ (ಹಲ್ಲುಗಳ ನಡುವೆ ಸ್ಟ್ರಿಪ್ಪಿನಿಂದ ಚೂರು ಉಜ್ಜಿ ಜಾಗ ಮಾಡುವುದು) ಮಾಡಿದ್ದು ನನ್ನ ಹೆಂಡತಿ. ಅವಳು ಎಂಡೋಡಾಂಟಿಸ್ಟ್, ರೂಟ್ ಕೆನಾಲ್ ತಜ್ಞೆ. ಸ್ಟ್ರಿಪ್ ಎಳೆಯುವಾಗ ನಾನು ಸಲಹೆ ಕೊಡಲು ಬಾಯಿ ಅಲ್ಲಾಡಿಸಿದ್ದಕ್ಕೆ “ಇವತ್ತು ಪೇಶೆಂಟ್ ನೀವು, ಸುಮ್ನೆ ಕೂತ್ಕೊಳ್ರಿ” ಅಂದಳು. ಕೋರೆಯಿಂದ ಕೋರೆಗೆ ಎರಡು ಮಿಲಿಮೀಟರಿನಷ್ಟು ಜಾಗ ಮಾಡಿ, ಉಳಿದದ್ದನ್ನು ಹಲ್ಲು ಸ್ವಲ್ಪ ಮುಂದಕ್ಕೆ ಬಾಗಿಸಿ ಹೊಂದಿಸಿದೆವು. ಮೊದಲ ಸೆಟ್ ಹದಿನಾಲ್ಕೋ ಹದಿನೈದೋ ಟ್ರೇ, ಹತ್ತು ದಿನಕ್ಕೊಂದು.

ಲ್ಯಾಟರಲ್ ಹೇಳಿದ ಮಾತು ಕೇಳಿತು. ಕೋರೆ ಕೇಳಲಿಲ್ಲ. ಎಂಟೊಂಬತ್ತನೇ ಟ್ರೇ ಹೊತ್ತಿಗೆ ಕೋರೆಯ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಬೆಳಕು ಕಾಣುತ್ತಿತ್ತು. ಚ್ಯೂಯಿ (ಟ್ರೇ ಸರಿಯಾಗಿ ಕೂರಲೆಂದು ಕಚ್ಚುವ ಮೆತ್ತನೆ ತುಂಡು) ಕಚ್ಚಿ ಕಚ್ಚಿ ದವಡೆ ನೋಯಿಸಿಕೊಂಡೆ, ಅದು ಜಗ್ಗಲಿಲ್ಲ. ಇದು ನನ್ನ ಪ್ರಿಂಟರಿನ ದೋಷ ಅಂತ ಸೀನಿಯರ್‌ಗೆ ಖುಷಿ. ಆದರೆ ಕೋರೆಯಂಥ ದುಂಡನೆ ಹಲ್ಲು ತಿರುಗಿಸುವುದು ಕಂಪನಿಗಳಿಗೂ ಕಷ್ಟವೇ. 2009ರಲ್ಲಿ ಸಂಶೋಧಕ ಕ್ರಾವಿಟ್ಜ್ ಅವರ ತಂಡ ಇನ್ವಿಸಲೈನ್ ಅನ್ನುವ ಬ್ರ್ಯಾಂಡಿನ ಅಲೈನರ್ ಕೇಸುಗಳ ಮುಂದಿನ ಹಲ್ಲು ಅಳೆದಾಗ, ಕಂಪ್ಯೂಟರ್ ಹೇಳಿದ ಚಲನೆಯಲ್ಲಿ ನಿಜವಾಗಿ ಸಿಕ್ಕಿದ್ದು ಸರಾಸರಿ ಶೇ 41. ಹೊಸ ಪ್ಲಾಸ್ಟಿಕ್ ಬಂದ ಮೇಲೆ 2020ರಲ್ಲಿ ಮತ್ತೆ ಅಳೆದರು: ಶೇ 50. ಅಂದ ಮೇಲೆ ಪರದೆ ಮೇಲೆ ನೆಟ್ಟಗೆ ಮಾಡಿ ಬಿಟ್ಟರೆ ಬಾಯಲ್ಲಿ ಅರ್ಧ ಸೊಟ್ಟ ಉಳಿಯುವುದು ಖಂಡಿತ.

ಹತ್ತನೇ ಟ್ರೇಗೆ ನಿಲ್ಲಿಸಿ ಹೊಸ ಅಳತೆ ತೆಗೆದೆ. ಕೋರೆಗೆ ಉದ್ದದ ಆಯತಾಕಾರದ ಅಟ್ಯಾಚ್‌ಮೆಂಟ್, ಒಂದು ಬದಿಯ ಅಂಚು ಚೂಪಾಗಿ. ಅಕ್ಕಪಕ್ಕದ ಸಂಪರ್ಕ ಬಿಡಿಸಲು ಇನ್ನೊಂದು 0.2 ಐಪಿಆರ್. ಸ್ಟೇಜಿಗೆ ಎರಡು ಡಿಗ್ರಿಯ ಬದಲು ಒಂದು ಚಿಲ್ಲರೆ. ಕೊನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸಿದ ಎರಡು ಟ್ರೇ. ಎಷ್ಟು ಹೆಚ್ಚು, ಯಾವ ಸ್ಟೇಜಿನಿಂದ ಅನ್ನುವುದು ನನ್ನ ಹತ್ತಿರವೇ ಇರಲಿ. ನಾಲ್ಕಾರು ಕೇಸು ಕೆಡಿಸಿದರೆ ನಿಮಗೂ ಹೊಳೆಯುತ್ತೆ. ಟ್ರಿಮ್ ಮಾತ್ರ ಮುಚ್ಚಿಡಲ್ಲ: ಒಸಡಿನ ಅಂಕುಡೊಂಕು ಹಿಡಿದು ಕತ್ತರಿಸಬೇಡಿ, ಅಂಚು ದಾಟಿ ಒಸಡಿನ ಕಡೆಗೆ ಎರಡು ಮಿಲಿಮೀಟರ್ ಬಿಟ್ಟು ನೇರ ಗೆರೆಯಲ್ಲಿ ಕತ್ತರಿಸಿ. ಹಿಡಿತ ಎಷ್ಟೋ ಪಾಲು ಹೆಚ್ಚು.

ಇಷ್ಟೆಲ್ಲ ಮುಗಿಸಿ ಬೀಗುತ್ತಿದ್ದಾಗ ಜಗಳೂರಿನಿಂದ ಒಬ್ಬರು ಮೇಷ್ಟ್ರು ಬಂದರು. ನಲವತ್ತೈದರ ಆಸುಪಾಸು, ಮೇಲಿನ ಮುಂದಿನ ಹಲ್ಲಿನಲ್ಲಿ ಸಂದು. ಕೇಸು ಸುಲಭ. ಅಟ್ಯಾಚ್‌ಮೆಂಟ್ ಐದು ಹಾಕಿದ್ದೆ, ವಾರದೊಳಗೆ ಮೂರು ಉದುರಿದವು. ಮತ್ತೆ ಹಾಕಿದೆ, ಮತ್ತೆ ಉದುರಿದವು. “ಸಾರ್, ಟ್ರೇ ತೆಗೆದ್ರೆ ಜೊತೆಗೇ ಬರ್ತಾವೆ, ಡಬ್ಬೀಲಿ ಎತ್ತಿಟ್ಟೀನಿ” ಅಂತ ತಂದು ಕೊಟ್ಟರು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲು ನಿಮಗೆಲ್ಲ ಗೊತ್ತು: ಸುಣ್ಣದ ಬಿಳುಪು, ಮೇಲೆ ಕಂದು ಪಟ್ಟೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5. ಅದಕ್ಕೂ ಮೀರಿದ ನೀರಲ್ಲಿ ಬೆಳೆದ ಎನಾಮೆಲ್ಲಿನ ಹೊರಪದರ ಆಸಿಡ್ಡಿಗೆ ಬೇಗ ಬಗ್ಗುವುದಿಲ್ಲ. ಮೂವತ್ತು ಸೆಕೆಂಡ್ ಎಚ್ ಮಾಡಿ (ಅಂಟು ಹಿಡಿಯಲೆಂದು ಆಸಿಡ್ ಹಚ್ಚಿ ಹೊರಮೈ ಒರಟು ಮಾಡುವುದು) ಒಣಗಿಸಿದರೆ ಎಚ್ ಆದ ಗುರುತಾದ ಮಂಜು ಬಿಳುಪು ಬಂತೋ ಇಲ್ಲವೋ ಗೊತ್ತೇ ಆಗುವುದಿಲ್ಲ, ಯಾಕಂದರೆ ಹಲ್ಲು ಮೊದಲೇ ಬೆಳ್ಳಗಿದೆ.

ನಾನು ಈಗ ಮಾಡುವುದು ಹೀಗೆ. ಪ್ಯೂಮಿಸ್ ಪುಡಿಯಿಂದ ಹಲ್ಲು ಉಜ್ಜಿದ ಮೇಲೆ ಅಟ್ಯಾಚ್‌ಮೆಂಟ್ ಬರುವಷ್ಟೇ ಜಾಗಕ್ಕೆ ಸಣ್ಣ ಫೈನ್ ಡೈಮಂಡ್ ಬರ್ (ಕೆರೆಯುವ ತುದಿ) ತಾಗಿಸಿ ಹೊರಮೈ ಕೆರೆಯುತ್ತೇನೆ. ಔಷಧ ಬಾಯೊಳಗೆ ಹೋಗದಂತೆ ರಬ್ಬರ್ ಡ್ಯಾಮ್ (ರಬ್ಬರ್ ಹಾಳೆ) ಹಾಕಿ, ರೂಟ್ ಕೆನಾಲಿಗೆ ಬಳಸುವ ಐದು ಪರ್ಸೆಂಟ್ ಹೈಪೋಕ್ಲೋರೈಟನ್ನು ಮೈಕ್ರೋಬ್ರಶ್ಶಿನಿಂದ ಒಂದು ನಿಮಿಷ ಉಜ್ಜಿ ತೊಳೆಯುತ್ತೇನೆ. ಇದು ಹೆಂಡತಿಯ ಸಲಹೆ, ಹೇಳದಿದ್ದರೆ ಮನೆಯಲ್ಲಿ ಊಟ ಇಲ್ಲ. ಆಮೇಲೆ 37 ಪರ್ಸೆಂಟ್ ಆಸಿಡ್, ಮೂವತ್ತಲ್ಲ, ಅರವತ್ತರಿಂದ ತೊಂಬತ್ತು ಸೆಕೆಂಡ್. ಬಾಂಡ್ (ಅಂಟು) ಎರಡು ಕೋಟ್. ತೆಳ್ಳಗೆ ಹರಿಯುವ ಫ್ಲೋಯಬಲ್ ಬೇಡ, ಗಟ್ಟಿ ಕಾಂಪೋಸಿಟ್ಟೇ ತುಂಬಿ. ಕಾಂಪೋಸಿಟ್ ತುಂಬಿ ಹಲ್ಲಿಗೆ ಕೂರಿಸುವ ಅಚ್ಚು, ಅಂದರೆ ಟೆಂಪ್ಲೇಟ್, 0.5 ಮಿಲಿಮೀಟರ್ ಶೀಟಿನದು. ಕಾಂಪೋಸಿಟ್ ಟೆಂಪ್ಲೇಟಿಗೆ ಅಂಟದೆ ಹಲ್ಲಲ್ಲೇ ಉಳಿಯಲಿ ಅಂತ ಗೂಡಿನೊಳಗೆ ನಾನು ಸವರುವ ಒಂದು ವಸ್ತು ಇದೆ, ಅದರ ಹೆಸರು ಕೇಳಬೇಡಿ. ಮೇಷ್ಟ್ರ ಮೂರನೇ ಸುತ್ತಿನ ಐದೂ ಕೊನೆವರೆಗೆ ನಿಂತವು. ಹೊಂಡ ಬಿದ್ದ ಎನಾಮೆಲ್ ಇದ್ದರೆ ಅಟ್ಯಾಚ್‌ಮೆಂಟ್ ತೆಗೆಯುವಾಗ ಚೂರು ಏಳಬಹುದು. ಮೊದಲೇ ಫೋಟೋ ತೆಗೆದು ತೋರಿಸಿ ಒಪ್ಪಿಗೆ ಬರೆಸಿಕೊಳ್ಳಿ.

ಕಂಪನಿ ಟ್ರೇ ಆದರೂ ಇದೇ ಹಲ್ಲಿಗೆ ಇದೇ ಕೆಲಸ ಮಾಡಲೇಬೇಕು. ನಮ್ಮ ಕಡೆ ಅಲೈನರ್ ಫೇಲ್ ಅಂತ ಹೇಳುವವರಲ್ಲಿ ಅರ್ಧ ಜನ ಪ್ಲಾಸ್ಟಿಕ್ಕನ್ನು ಬೈಯುತ್ತಾರೆ, ಕೆಟ್ಟಿರುವುದು ಬಾಂಡಿಂಗ್ ಅನ್ನುವುದು ನನ್ನ ಅಭಿಪ್ರಾಯ.

ಉಳಿದರ್ಧ ಪೇಶೆಂಟ್ ಕೈಯಲ್ಲಿದೆ. ದಿನಕ್ಕೆ ಇಪ್ಪತ್ತೆರಡು ಗಂಟೆ ಹಾಕಿಕೊಳ್ಳಿ ಅಂದರೆ ಮಂಡಿಪೇಟೆ ವ್ಯಾಪಾರಿ ಹೂಂ ಅಂತಾನೆ, ಗಂಟೆಗೊಂದು ಟೀ ಕುಡಿಯುತ್ತಾನೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ ಬೇರೆ. ಟ್ರೇ ಕಾಗದದಲ್ಲಿ ಸುತ್ತಿ ತಟ್ಟೆ ಪಕ್ಕ ಇಡುತ್ತಾನೆ, ಹೋಟೆಲ್ ಹುಡುಗ ತಟ್ಟೆ ಜೊತೆ ಎತ್ತಿಕೊಂಡು ಹೋಗುತ್ತಾನೆ. ಹಂಗಾಗಿ ನನ್ನ ಕರಾರು: ಟೀ ಎರಡೇ, ಟ್ರೇ ಡಬ್ಬಿಯಲ್ಲೇ, ಕಳೆದರೆ ಆರುನೂರು.

ಒಬ್ಬ ಹುಡುಗಿ ಟ್ರೇ ಹಾಕಿಕೊಂಡೇ ಒಗ್ಗರಣೆ ಮಂಡಕ್ಕಿ ತಿಂದು ಅರಿಶಿನದ ಬಣ್ಣದ ಹಲ್ಲಿನಲ್ಲಿ ಬಂದಳು. ಅದೇ ನೆಪದಲ್ಲಿ ಒಂದು ಪರೀಕ್ಷೆ ಮಾಡಿದೆ: ಅಲೈನರಿಗೆ ಬಳಸುವ ಎರಡು ಬಗೆ ಪ್ಲಾಸ್ಟಿಕ್, ಪಿಇಟಿಜಿ ಮತ್ತು ಪಾಲಿಯುರೆಥೇನ್ ಶೀಟಿನ ಚೂರುಗಳನ್ನು ಅರಿಶಿನ ನೀರು, ಕಾಫಿ, ಎಲೆಯಡಿಕೆ ರಸದಲ್ಲಿ ಒಂದು ವಾರ ನೆನೆಸಿಟ್ಟೆ. ಅರಿಶಿನ ಎರಡಕ್ಕೂ ಹತ್ತಿತು, ಪಾಲಿಯುರೆಥೇನಿಗೆ ಜಾಸ್ತಿ. ಎಲೆಯಡಿಕೆಯದು ಕಂದು ಕಲೆ, ಬ್ರಶ್ಶಿಗೆ ಹೋಗಲಿಲ್ಲ. ಹಲ್ಲು ಸರಿಸಲು ಪಾಲಿಯುರೆಥೇನ್ ಮೆತ್ತಗೆ, ಚೆನ್ನಾಗಿದೆ. ಆದರೂ ಚನ್ನಗಿರಿ ಕಡೆಯ ಅಡಿಕೆ ಬಾಯಿಗಳಿಗೆ ಪಿಇಟಿಜಿಯೇ ಕೊಡುತ್ತೇನೆ. ಶೀಟೂ ಅರ್ಧ ಬೆಲೆ. ಅಡಿಕೆ ಜಾಸ್ತಿಯಾಗಿ ಬಾಯಿ ತೆರೆಯುವುದೇ ಕಮ್ಮಿಯಾಗಿದ್ದರೆ ಅಲೈನರ್ ಮಾತೇ ಬೇಡ, ಮೊದಲು ಅದನ್ನು ನೋಡಿ.

ಮಷೀನ್ ಇದೆಯಲ್ಲ ಅಂತ ಗರಡಿಮನೆ ಹುಡುಗರಿಗೆ ಮೂರು ಮಿಲಿಮೀಟರ್ ಇವಿಎ ಅನ್ನುವ ಮೆತ್ತನೆ ಪ್ಲಾಸ್ಟಿಕ್ ಶೀಟಿನಲ್ಲಿ ಮೌತ್‌ಗಾರ್ಡ್ ಕೂಡ ಎಳೆದೆ. ಕೆಲಸ ಚೆನ್ನಾಗಿ ಬಂತು, ದುಡ್ಡು ಬರಲಿಲ್ಲ. ಪೈಲ್ವಾನರ ಹತ್ತಿರ ವಸೂಲಿ ಮಾಡುವ ಧೈರ್ಯ ಯಾರಿಗಿದೆ?

ಕೈ ಸುಟ್ಟದ್ದು ಪ್ರಿಮೋಲಾರ್ (ಕೋರೆಯ ಹಿಂದಿನ ಹಲ್ಲು) ತೆಗೆದ ಕೇಸಿನಲ್ಲಿ. ಜಾಗ ಮುಚ್ಚುವಾಗ ಅಕ್ಕಪಕ್ಕದ ಹಲ್ಲುಗಳು ಜಾಗಕ್ಕೆ ಬಾಗಿ ಬಿದ್ದವು, ಬೇರು ಬರಲಿಲ್ಲ. ತಂತಿ ಹಾಕಿ ಮುಗಿಸಿದೆ, ಅಲೈನರಿನ ದುಡ್ಡು ವಾಪಸ್ ಕೊಟ್ಟೆ. ಅಂಥ ಕೇಸು ಈಗ ಮುಟ್ಟುವುದಿಲ್ಲ. ಒಸಡಿನಲ್ಲಿ ರಕ್ತ ಬರುವ ದೊಡ್ಡವರಿಗೆ ಪೆರಿಯೋ (ಒಸಡಿನ ಚಿಕಿತ್ಸೆ) ಮುಗಿದು ಮೂರು ತಿಂಗಳಾದ ಮೇಲೇ ಅಳತೆ.

ಶೀಟು, ರೆಸಿನ್, ಕೆಟ್ಟದ್ದು, ಹುಡುಗನ ಕೂಲಿ, ಎಲ್ಲ ಸೇರಿ ಒಂದು ಟ್ರೇಗೆ ಐನೂರರಿಂದ ಆರುನೂರು ಬೀಳುತ್ತೆ. ಸಾಧಾರಣ ಕೇಸಿಗೆ ಎರಡೂ ಆರ್ಚ್ ಸೇರಿ ಮೂವತ್ತು ನಲವತ್ತು ಟ್ರೇ, ಮಧ್ಯೆ ಒಂದು ಸಲ ಮರು ಅಳತೆ ಇದ್ದೇ ಇರುತ್ತೆ ಅಂತಲೇ ಲೆಕ್ಕ ಹಾಕುತ್ತೇನೆ. ನಾನು ತೆಗೆದುಕೊಳ್ಳುವುದು ಐವತ್ತೈದು ಸಾವಿರ, ಮೂರು ಕಂತು. ಹಾಕಿದ ಬಂಡವಾಳ ವಾಪಸ್ ಬಂದದ್ದು ಒಂಬತ್ತೋ ಹತ್ತನೆಯದೋ ಕೇಸಿಗೆ. ಕಳೆದ ವರ್ಷ ಸ್ಕ್ಯಾನರ್ ತಂದು ಮತ್ತೆ ಸಾಲಕ್ಕೆ ಬಿದ್ದಿದ್ದೇನೆ. ಕೊನೆಯ ಮಾಡೆಲ್ಲನ್ನು ಪೇಶೆಂಟ್ ಕೈಗೇ ಕೊಟ್ಟು ಕಳಿಸುತ್ತೇನೆ, ರಿಟೇನರ್ ಒಡೆದರೆ ತಂದರಾಯಿತು, ಮುನ್ನೂರು ರೂಪಾಯಿಗೆ ಇನ್ನೊಂದು ಎಳೆದು ಕೊಡುತ್ತೇನೆ. ಮೇಷ್ಟ್ರು ಆಗಲೇ ಎರಡು ಸಲ ತಂದಿದ್ದಾರೆ.