ಏದುಸಿರು ಅಂತ ಬಂದವರ ಕಾಲನ್ನೂ ನೋಡಿ

ಅಡಿಕೆ ಕೊಯ್ಲು ಶುರುವಾದರೆ ಶಿವಮೊಗ್ಗದ ನಮ್ಮ ಕ್ಯಾಷುವಾಲಿಟಿಗೆ ಮರದಿಂದ ಬಿದ್ದವರು ಬರುತ್ತಲೇ ಇರುತ್ತಾರೆ. ಆ ರಾತ್ರಿ ತೀರ್ಥಹಳ್ಳಿ ಕಡೆಯಿಂದ ಬಂದವರೂ ಅಡಿಕೆ ಕೊನೆ ತೆಗೆಯುವವರೇ. ಆದರೆ ಬಿದ್ದು ಐದು ವಾರ ಆಗಿತ್ತು. ಮೊಣಕಾಲಿನವರೆಗೆ ಪ್ಲಾಸ್ಟರ್, ಆಪರೇಷನ್ ಆಗಿರಲಿಲ್ಲ. "ಬಚ್ಚಲಿಗೆ ಹೋಗಿ ಬಂದ್ರು ಡಾಕ್ಟ್ರೇ, ಕಣ್ಣು ಕತ್ತಲೆ ಬಂತು ಅಂತ ಕೂತ್ರು. ಆಮೇಲೆ ಉಸಿರೇ ಸಾಲ್ತಿಲ್ಲ," ಎಂದರು ಹೆಂಡತಿ.

ನಾಡಿ 130. ಬಿಪಿ 80. ಆಕ್ಸಿಜನ್ 84. ಸ್ಟೆತಸ್ಕೋಪ್ ಇಟ್ಟರೆ ಉಬ್ಬಸದ ಸುಯ್ ಸದ್ದಿಲ್ಲ, ನೀರು ತುಂಬಿದ ಸದ್ದೂ ಇಲ್ಲ. ಇಷ್ಟು ಏದುಸಿರಿದ್ದೂ ಎದೆಯಲ್ಲಿ ಏನೂ ಕೇಳಿಸದಿದ್ದರೆ ನಾನು ಕಾಲು ನೋಡುತ್ತೇನೆ. ಪ್ಲಾಸ್ಟರ್ ಮೇಲಿನ ತೊಡೆ ಬಿಗಿದುಕೊಂಡು, ಇನ್ನೊಂದಕ್ಕಿಂತ ದಪ್ಪ ಆಗಿತ್ತು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಹೋಗಿ ಶ್ವಾಸಕೋಶದ ರಕ್ತನಾಳ ಕಟ್ಟಿರಬೇಕು. ಪಲ್ಮನರಿ ಎಂಬಾಲಿಸಂ.

ಈ ಬಿಪಿಯಲ್ಲಿ ಸಿಟಿ ಸ್ಕ್ಯಾನ್‌ಗೆ ಕಳಿಸುವ ಧೈರ್ಯ ನನಗಿಲ್ಲ. ಮಂಚದ ಹತ್ತಿರವೇ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದೆ. ಹೃದಯದ ಬಲಭಾಗ ಉಬ್ಬಿ, ನಡುವಿನ ಗೋಡೆಯನ್ನು ಎಡಕ್ಕೆ ಒತ್ತಿತ್ತು.

ದಾರಿಯಲ್ಲೇ ಹಾಕಿದ್ದ ಸಲೈನ್ ಜೋರಾಗಿ ಓಡುತ್ತಿತ್ತು. ಮೊದಲು ಅದನ್ನು ನಿಲ್ಲಿಸಿದೆ. ಡ್ಯೂಟಿಯ ಮೊದಲ ವರ್ಷಗಳಲ್ಲಿ ನಾನೂ ಬಿಪಿ ಇಳಿದರೆ ಬಾಟಲಿ ಮೇಲೆ ಬಾಟಲಿ ಏರಿಸುತ್ತಿದ್ದೆ. ಆದರೆ ಇಲ್ಲಿ ಬಲಭಾಗ ಆಗಲೇ ಬಿರಿಯುವಷ್ಟು ತುಂಬಿದೆ. ಇನ್ನೂ ತುಂಬಿದರೆ ಅದು ಎಡಭಾಗವನ್ನೇ ಅಮುಕುತ್ತದೆ, ಬಿಪಿ ಮತ್ತೂ ಬೀಳುತ್ತದೆ. ಹಾಗಾಗಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಡ್ರಿಪ್ ಶುರು ಮಾಡಿದೆವು. ಹೆಪಾರಿನ್, ಕೆಜಿಗೆ 80 ಯೂನಿಟ್ ಲೆಕ್ಕದಲ್ಲಿ ಕೊಟ್ಟೆವು. ವೆಂಟಿಲೇಟರ್ ಟ್ಯೂಬ್ ಹಾಕುವ ಆತುರ ಮಾಡಲಿಲ್ಲ. ಇಂಥವರಿಗೆ ಮಂಪರಿನ ಔಷಧಿ ಕೊಟ್ಟ ಕ್ಷಣದಲ್ಲೇ ಹೃದಯ ನಿಲ್ಲಬಹುದು.

ಹೆಪಾರಿನ್ ಹೊಸ ಹೆಪ್ಪನ್ನು ತಡೆಯುತ್ತದೆ, ಇರುವುದನ್ನು ಕರಗಿಸುವುದಿಲ್ಲ. ಕರಗಿಸುವ ಔಷಧಿಗೆ ಮೊದಲು ಹೆಂಡತಿಯನ್ನು ಕೂರಿಸಿ ಕೇಳಿದೆ. ಬಿದ್ದಾಗ ತಲೆಗೆ ಪೆಟ್ಟಾಗಿತ್ತಾ? ಹಿಂದೆ ಲಕ್ವ ಹೊಡೆದಿತ್ತಾ? ಹೊಟ್ಟೆಯಲ್ಲಿ ರಕ್ತಸ್ರಾವ? ಯಾವುದೂ ಇರಲಿಲ್ಲ. "ಅಮ್ಮಾ, ಇದರಿಂದ ಮಿದುಳಲ್ಲಿ ರಕ್ತ ಸೋರುವ ಅಪಾಯ ಇದೆ. ಕೊಡದಿದ್ದರೆ ಅಪಾಯ ಅದಕ್ಕಿಂತ ಜಾಸ್ತಿ," ಅಂದೆ. ಅವರು ಗಂಡನ ಮುಖ ನೋಡಿ "ಕೊಡಿ" ಎಂದರು.

58 ಕೆಜಿ ತೂಕಕ್ಕೆ ಟೆನೆಕ್ಟೆಪ್ಲೇಸ್ 30 ಮಿಲಿಗ್ರಾಂ, ಒಂದೇ ಸಲಕ್ಕೆ. ಹೆಪ್ಪು ಕರಗಿಸುವ ಇನ್ನೊಂದು ಔಷಧಿ ಆಲ್ಟೆಪ್ಲೇಸ್ ಆದರೆ 100 ಮಿಲಿಗ್ರಾಂ, ಎರಡು ಗಂಟೆ ಓಡಿಸಬೇಕು. ಹೃದಯಾಘಾತಕ್ಕೆಂದು ಟೆನೆಕ್ಟೆಪ್ಲೇಸ್ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲೇ ಇರುತ್ತದೆ, ಅದೇ ಕೈಗೆ ಸಿಕ್ಕಿತು. ಒಂದು ಗಂಟೆಯೊಳಗೆ ಬಿಪಿ 104. ಬೆವರು ಆರಿತು. ನೀರು ಕೇಳಿದರು.

ಎಲ್ಲರಿಗೂ ಇದನ್ನೇ ಕೊಡಬಾರದು. ಬಿಪಿ ಸರಿಯಿದ್ದು, ಎಕೋದಲ್ಲಿ ಮಾತ್ರ ಬಲಭಾಗ ದಣಿದವರ ಮೇಲೆ ನಡೆದ ಪೈಥೋ ಅಧ್ಯಯನ 2014ರಲ್ಲಿ ಬಂತು. ಟೆನೆಕ್ಟೆಪ್ಲೇಸ್ ಪಡೆದವರಲ್ಲಿ ಬಿಪಿ ಕುಸಿಯುವುದು ಕಡಿಮೆಯಾಯಿತು, ಆದರೆ ದೊಡ್ಡ ರಕ್ತಸ್ರಾವ, ಪಾರ್ಶ್ವವಾಯು ಹೆಚ್ಚಾದವು. ಅಂಥವರಿಗೆ ಹೆಪಾರಿನ್ ಮಾತ್ರ ಕೊಟ್ಟು ಮಾನಿಟರ್ ಮುಂದೆ ಕಾಯುತ್ತೇನೆ. ಸುಮ್ನೆ ಕಾಯುವುದು ಕಷ್ಟ, ಆದರೂ ಕಾಯುತ್ತೇನೆ.

ಮನೆಗೆ ಹೋಗುವ ದಿನ ಮಾತ್ರೆಯ ಲೆಕ್ಕ ಹೇಳಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರೊಕ್ಸಬಾನ್ 15 ಮಿಲಿಗ್ರಾಂ, ದಿನಕ್ಕೆರಡು, 21 ದಿನ. ಆಮೇಲೆ 20, ದಿನಕ್ಕೊಂದು. ಊಟದ ಜೊತೆಗೇ ತಗೋಬೇಕು. ಕಡಿಮೆ ಅಂದ್ರೂ ಮೂರು ತಿಂಗಳು ಬಿಡುವಂತಿಲ್ಲ. ಹೆಂಡತಿ ಬ್ಯಾಗಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದರು. ಮಾತ್ರೆ ಬದಲಾಗುವ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟೆ.