ನೀರಿನಲ್ಲೇ ಡೈಮರ್: ಸಿಬಿ8 ಒಳಗೆ ಸ್ಟಿಲ್‌ಬಜೋಲ್, ನನ್ನ ಅನುಭವ

4-ಸ್ಟಿಲ್‌ಬಜೋಲ್ ಎಂಬ ದ್ವಿಬಂಧದ ಸಾವಯವ ಅಣುವಿಗೆ ನೀರಿನಲ್ಲಿ ಬೆಳಕು ಹಾಯಿಸಿದರೆ ಸಿಸ್ (ದ್ವಿಬಂಧದ ಸುತ್ತ ತಿರುಗಿದ ರೂಪ) ಬಿಟ್ಟು ಬೇರೇನೂ ಸಿಗದು ಎಂದವರೇ ಹೆಚ್ಚು. ಬರೀ ನೀರಿನಲ್ಲಿ ಅದು ನಿಜ, ಜೊತೆಗೆ ನೀರು ಸೇರಿಕೊಂಡ ಕಸವೂ ಬರುತ್ತದೆ. ಸಿಬಿ8, ಅಂದರೆ ಬೇರೆ ಅಣುಗಳನ್ನು ಒಳಗೆ ಕೂರಿಸಿಕೊಳ್ಳುವ ಗೂಡಿನಂಥ ಕುಕುರ್ಬಿಟ್[8]ಯೂರಿಲ್ ಹಾಕಿದ ಮೇಲೆ ನನ್ನ ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರುವ ಪರೀಕ್ಷೆ) ಡೈಮರಿನದೇ, ಅಂದರೆ ಎರಡು ಅಣು ಬೆಸೆದುಕೊಂಡದ್ದರದೇ ರಾಜ್ಯ. ಅದೂ ಬಹುಪಾಲು ಸಿನ್ ಹೆಡ್-ಟು-ಟೇಲ್, ಒಂದರ ತಲೆಗೆ ಇನ್ನೊಂದರ ಬಾಲ ಬರುವ ಜೋಡಣೆ.

ಅಳತೆ ಹೀಗೆ: 5 ಮಿ.ಲೀ. ಸಾರರಿಕ್ತ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಮ್ಲ), 1.8 ಮಿ.ಗ್ರಾಂ ಸ್ಟಿಲ್‌ಬಜೋಲ್, ಅದರ ಅರ್ಧ ಮೋಲ್ ಸಿಬಿ8. ಕಾಗದದ ಲೆಕ್ಕಕ್ಕೆ 6.6 ಮಿ.ಗ್ರಾಂ ಸಾಕು, ತೂಗಬೇಕಾದ್ದು ಹೆಚ್ಚೂಕಡಿಮೆ 8. ಪುಡಿಯಲ್ಲಿ ನೀರು, ಆಮ್ಲ ಕೂತಿರುತ್ತವೆ. ಬಹಳ ಜನರ ಪ್ರಯೋಗ ಕೆಡುವುದು ಇಲ್ಲೇ. ಸಿಬಿ8 ಕಡಿಮೆಯಾದರೆ ಹೊರಗುಳಿದ ಅತಿಥಿ, ಅಂದರೆ ಸ್ಟಿಲ್‌ಬಜೋಲ್, ಸಿಸ್ ಆಗುತ್ತದೆ. ವಿಪರೀತ ಹೆಚ್ಚಾದರೆ ಒಂದು ಗೂಡಿಗೆ ಒಂದೇ ಅತಿಥಿ ಕೂರುವ ಅಪಾಯ, ಕರಗದ ಪುಡಿ ಬೆಳಕನ್ನೂ ಚದುರಿಸುತ್ತದೆ. ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಅಲುಗಿಸಿ) ಸೋಸಿ. ಡಿ2ಓ (ಭಾರಜಲ) ಮಾದರಿಯ ಎನ್‌ಎಂಆರ್‌ನಲ್ಲಿ ಓಲೆಫಿನ್ ಪ್ರೋಟಾನುಗಳು, ಅಂದರೆ ದ್ವಿಬಂಧದ ಹೈಡ್ರೋಜನ್‌ಗಳು, ಅಪ್‌ಫೀಲ್ಡ್‌ಗೆ (ಕಡಿಮೆ ಪಿಪಿಎಂ ಕಡೆಗೆ) ಸರಿಯದೆ ದೀಪ ಹಚ್ಚಬೇಡಿ.

ಫಾಸ್ಫೇಟ್ ಬಫರ್ ಬೇಡವೇ ಬೇಡ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಗೂಡಿನ ಬಾಗಿಲಲ್ಲಿರುವ ಕಾರ್ಬೊನಿಲ್‌ಗಳಿಗೆ (ಇಂಗಾಲ-ಆಮ್ಲಜನಕದ ಗುಂಪುಗಳು) ಅಂಟಿಕೊಂಡು ಅತಿಥಿಗೆ ಅಡ್ಡ ನಿಲ್ಲುತ್ತವೆ.

ನೈಟ್ರೋಜನ್ ಹಾಯಿಸಿ, ಪೈರೆಕ್ಸ್ ಕೊಳವೆ, 450 ವಾಟ್ ಮೀಡಿಯಂ-ಪ್ರೆಶರ್ ಪಾದರಸ ದೀಪ, ತಣ್ಣೀರಿನ ಜಾಕೆಟ್. ಕ್ವಾರ್ಟ್ಜ್ ಮತ್ತು 254 ನ್ಯಾನೋಮೀಟರ್ ಕೂಡಿದರೆ ಡೈಮರಿನಲ್ಲಿ ಕಟ್ಟಿದ ಸೈಕ್ಲೋಬ್ಯೂಟೇನ್, ಅಂದರೆ ನಾಲ್ಕು ಇಂಗಾಲದ ಉಂಗುರ, ಮತ್ತೆ ಒಡೆಯುತ್ತದೆ.

ಇದೇ ಜಾತಿಯ ಚಿಕ್ಕ ಗೂಡು ಸಿಬಿ7 ಕೂಡ ಹಾಕಿ ನೋಡಿದ್ದೇನೆ: ಒಂದೇ ಅತಿಥಿ ಹಿಡಿಸುವಷ್ಟು ಜಾಗ, ಡೈಮರ್ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರಸಾಯನ ವಿಜ್ಞಾನಿಗಳಾದ ವಿ. ರಾಮಮೂರ್ತಿ, ಕೆ. ವೆಂಕಟೇಶನ್ ಕೂಮರಿನ್ (ಬೆಳಕಿಗೆ ಡೈಮರ್ ಆಗುವ ಇನ್ನೊಂದು ಸಾವಯವ ಅಣು) ಹರಳುಗಳಲ್ಲಿ ನೋಡಿದ ಜೋಡಣೆಯ ಶಿಸ್ತನ್ನು ಹರಳಿನ ಹಂಗಿಲ್ಲದೆ ಸಿಬಿ8 ನೀರಿನಲ್ಲೇ ಕೊಡುತ್ತದೆ. 6-ಮೀಥೈಲ್ ಕೂಮರಿನ್‌ಗಾದರೆ ಹತ್ತನೇ ಒಂದು ಪಾಲು ಮೋಲ್ ಸಿಬಿ8 ಸಾಕು, ಡೈಮರ್ ತಾನೇ ಹೊರಬಿದ್ದು ಗೂಡು ಖಾಲಿಯಾಗುತ್ತದೆ.

ಖರ್ಚೆಲ್ಲ ಸಿಬಿ8ದೇ, 100 ಮಿ.ಗ್ರಾಂ ಕೊಂಡರೂ ಸಾವಿರಾರು ರೂಪಾಯಿ. ಹಾಗಾಗಿ ಎಸೆಯುವ ಮಾತಿಲ್ಲ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 10 ದಾಟಿಸಿ, ಕ್ಲೋರೋಫಾರ್ಮ್‌ನಲ್ಲಿ ಡೈಮರ್ ಎಳೆದುಕೊಳ್ಳಿ. ನೀರಿನ ಪದರದಲ್ಲಿ ಖಾಲಿ ಸಿಬಿ8 ಉಳಿಯುತ್ತದೆ, ನನಗೆ ಮುಕ್ಕಾಲು ಪಾಲಿಗಿಂತ ಹೆಚ್ಚೇ ವಾಪಸ್ ಸಿಗುತ್ತದೆ. ಅಂಟಿದ ಸೋಡಿಯಂ ಬಿಡಿಸಲು ಗಾಢ ಎಚ್‌ಸಿಎಲ್‌ನಲ್ಲಿ ಮರುಹರಳಾಗಿಸಬೇಕು. ತಣಿಸುವ ವೇಗವನ್ನು ಮಾತ್ರ ನಾನು ಹೇಳುವುದಿಲ್ಲ.